ನೆಲದೊಳಗಿನ ನೀರಿನ ದಾರಿ

ಬೀದರ್ ಅಂದರೆ ನಮಗೆ ಏನು ನೆನಪಾಗುತ್ತದೆ? ಕೋಟೆ. ಮಹಮೂದ್ ಗವಾನನ ಮದರಸಾ. ಅಷ್ಟೂರಿನ ಗುಮ್ಮಟಗಳು. ಇವೆಲ್ಲ ಕಣ್ಣಿಗೆ ಕಾಣುವ ಕಟ್ಟಡಗಳು. ಕಣ್ಣಿಗೆ ಕಾಣದ ಒಂದು ಕೆಲಸವೂ ಇದೆ. ಅದು ಬೀದರ್ ಪಕ್ಕದ ನೌಬಾದ್‌ನಲ್ಲಿ, ನೆಲದೊಳಗೆ ಇದೆ. ಅದರ ಹೆಸರು ಸುರಂಗ ಬಾವಿ. ಕರೇಜ್ ಅಂತಲೂ ಹೇಳುತ್ತಾರೆ.

ಇದನ್ನು ಯಾಕೆ ತೋಡಿದರು?

ಸುಮಾರು 600 ವರ್ಷಗಳ ಹಿಂದಿನ ಮಾತು. ಬಹಮನಿ ಸುಲ್ತಾನರು ಕಲಬುರಗಿಯಿಂದ ಬೀದರಿಗೆ ರಾಜಧಾನಿ ತಂದರು. ಬೀದರ್ ಎತ್ತರದ ಜಾಗ. ಮಂದಿ ಹೆಚ್ಚಾದರು. ಅವರಿಗೆಲ್ಲ ನೀರು ಬೇಕಲ್ಲ? ಇರಾನ್ ದೇಶದಲ್ಲಿ ನೀರಿನ ಸುರಂಗ ತೋಡುವ ವಿದ್ಯೆ ಬಹಳ ಹಳೆಯದು. ಆ ವಿದ್ಯೆ ಇಲ್ಲಿಗೂ ಬಂತು.

ನೀರು ಹೇಗೆ ಹರಿಯುತ್ತದೆ?

ಬೀದರಿನ ನೆಲ ಕೆಂಪು ಕಲ್ಲಿನದು. ಮಳೆ ನೀರು ಅದರೊಳಗೆ ಇಳಿಯುತ್ತದೆ. ಕೆಳಗೆ ಗಟ್ಟಿಯಾದ ಕರಿಕಲ್ಲು ಇದೆ. ಅಲ್ಲಿ ನೀರು ನಿಲ್ಲುತ್ತದೆ. ನೀರು ಸಿಗುವ ಎತ್ತರದ ಜಾಗದಲ್ಲಿ ಮೊದಲು ಒಂದು ತಾಯಿ ಬಾವಿ ತೋಡಿದರು. ಅಲ್ಲಿಂದ ಇಳಿಜಾರಾಗಿ ಸುರಂಗ ಕೊರೆದರು. ಅಂಗಳ ತೊಳೆದ ನೀರು ಇಳಿಜಾರಿನ ಕಡೆ ತಾನೇ ಹರಿಯುತ್ತದಲ್ಲ? ಇದೂ ಹಾಗೇ. ಪಂಪು ಬೇಡ, ಕರೆಂಟು ಬೇಡ.

ನೌಬಾದ್‌ನ ಸುರಂಗ ಎರಡು ಕಿಲೋಮೀಟರಿಗಿಂತ ಉದ್ದ ಇದೆ. ದಾರಿಯುದ್ದಕ್ಕೂ ಅಲ್ಲಲ್ಲಿ ಬಾವಿಗಳಿವೆ. ಅವುಗಳಿಂದ ಒಳಗೆ ಗಾಳಿ, ಬೆಳಕು ಹೋಗುತ್ತದೆ. ಅಗೆದ ಮಣ್ಣನ್ನು ಇವುಗಳಿಂದಲೇ ಮೇಲೆ ತೆಗೆದರು. ಮಂದಿ ನೀರು ಸೇದಿದ್ದೂ ಇಲ್ಲೇ.

ಆಮೇಲೆ ಏನಾಯಿತು?

ಮನೆಗೆ ನಲ್ಲಿ ಬಂತು. ಬೋರ್‌ವೆಲ್ ಬಂತು. ಸುರಂಗ ಬಾವಿ ಮರೆತುಹೋಯಿತು. ಕೆಲವು ಬಾವಿಗಳಿಗೆ ಕಸ ಬಿತ್ತು. ಕೆಲವನ್ನು ಮುಚ್ಚಿ ಮೇಲೆ ಕಟ್ಟಡ ಕಟ್ಟಿದರು. ಒಂದು ಕಡೆ ಮಣ್ಣು ತುಂಬಿದರೆ ಸಾಕು, ನೀರಿನ ದಾರಿ ಕಟ್ಟುತ್ತದೆ. ಒಂದು ಬಾವಿ ಕೆಟ್ಟರೆ ಇಡೀ ಸಾಲಿಗೆ ಕೇಡು.

ವಿಶ್ವ ಸ್ಮಾರಕ ನಿಧಿ ಎಂಬ ಸಂಸ್ಥೆ ಅಪಾಯದಲ್ಲಿರುವ ಹಳೆಯ ಜಾಗಗಳ ಪಟ್ಟಿ ಮಾಡುತ್ತದೆ. 2014ರ ಪಟ್ಟಿಯಲ್ಲಿ ಬೀದರಿನ ಹಳೆಯ ನಗರವೂ ಇತ್ತು. ಆಮೇಲೆ ಕೆಲವು ಬಾವಿಗಳ ಹೂಳು ತೆಗೆದರು.

ನಾವು ಏನು ಮಾಡಬಹುದು?

ಅಕ್ಕಂದಿರೇ, ನೀರಿನ ಬೆಲೆ ಕೊಡ ಹೊತ್ತವರಿಗೆ ಗೊತ್ತು. ಅರಮನೆಗೆ ಕೊಡುವ ಮರ್ಯಾದೆಯನ್ನು ಹಳೆಯ ಬಾವಿಗೂ ಕೊಡೋಣ. ನಮ್ಮ ಬಗದಲ್ ಕಡೆಯ ಊರುಗಳಲ್ಲೂ ಹಳೆಯ ಬಾವಿಗಳನ್ನು ನೋಡಿ ಬರೋಣ. ಬಾವಿಗೆ ಕಸ ಹಾಕುವುದು ಬೇಡ. ಹಾಕುವವರಿಗೂ ತಿಳಿಸಿ ಹೇಳೋಣ. ಬಾವಿ ಮುಚ್ಚುವ ಮಾತು ಬಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ. ಬೇಕಾದರೆ ಅರ್ಜಿ ಬರೆಯೋಣ. ಈಗ ನಮಗೆ ಬರೆಯಲು ಬರುತ್ತದೆ.