ಹಳೇ ಕಾರು ಕೊಟ್ಟರೆ ಸರಕಾರದಿಂದ ರಿಯಾಯಿತಿ: ಲಾಭ ಯಾರಿಗೆ?

ಹಳೇ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತಗೊಂಡ ನೆನಪು ನಿಮಗೆ ಇದ್ದೇ ಇರುತ್ತೆ. ಪಾತ್ರೆಯವಳು ಎರಡು ಜರಿ ಸೀರೆ, ಯಜಮಾನರ ನಾಲ್ಕು ಪ್ಯಾಂಟು ಇಸ್ಕೊಂಡು ಒಂದು ಡಬರಿ ಕೈಗಿಟ್ಟು ಹೋಗುತ್ತಿದ್ದಳು. 'ಆ ಸೀರೆಯ ಜರಿಗೇ ಇದಕ್ಕಿಂತ ಜಾಸ್ತಿ ಸಿಗ್ತಿತ್ತಲ್ಲೇ' ಅಂತ ಅತ್ತೆ ಹೇಳಿದ ಮೇಲಷ್ಟೇ ನಿಜವಾದ ಲೆಕ್ಕ ಹೊಳೆಯುತ್ತಿದ್ದುದು! ಕುಕ್ಕರ್, ಮಿಕ್ಸಿ, ಗ್ಯಾಸ್ ಸ್ಟೌ ಎಕ್ಸ್‌ಚೇಂಜ್ ಮೇಳಗಳೂ ಇದೇ ಜಾತಿಯವು.

ಆದರೆ ಸರಕಾರವೇ ಪಾತ್ರೆಯವಳ ಜಾಗದಲ್ಲಿ ನಿಂತು 'ನಿಮ್ಮ ಹಳೇ ಕಾರು ಕೊಡಿ, ಹೊಸ ಕಾರಿಗೆ ನಾನು ದುಡ್ಡು ಹಾಕ್ತೀನಿ' ಅಂದರೆ? ಕಾರು ಮಾರುಕಟ್ಟೆ ಚೇತರಿಸಿಕೊಳ್ಳುತ್ತದಾ? ನಮ್ಮ ಮನೆ ಖರ್ಚಿಗೆ ಅನುಕೂಲವಾ? ನಮ್ಮಲ್ಲೂ ಗುಜರಿ ನೀತಿ ಬಂದಿರುವುದರಿಂದ, ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದವರ ಕತೆ ತಿಳಿದುಕೊಳ್ಳುವುದು ಒಳ್ಳೇದು. ಮನೆಯ ಲೆಕ್ಕ ಬರೆಯುವವರು ನೀವೇ ತಾನೆ!

ಅಮೆರಿಕದ ಎಕ್ಸ್‌ಚೇಂಜ್ ಮೇಳ

2009ರ ಬೇಸಿಗೆ. ಅಮೆರಿಕದಲ್ಲಿ ಬ್ಯಾಂಕುಗಳು ಕುಸಿದು, ಕೆಲಸ ಹೋಗಿ, ಜನ ಹೊಸ ಕಾರಿನ ಮಾತೇ ಮರೆತಿದ್ದರು. ಕ್ರೈಸ್ಲರ್, ಜನರಲ್ ಮೋಟಾರ್ಸ್‌ನಂಥ ದೈತ್ಯ ಕಂಪನಿಗಳೇ ದಿವಾಳಿ ಅರ್ಜಿ ಹಾಕಿದ ವರ್ಷ ಅದು. ಆಗ ಒಬಾಮಾ ಸರಕಾರ ತಂದ ಯೋಜನೆಗೆ ಜನ ಇಟ್ಟ ಹೆಸರು 'ಕ್ಯಾಶ್ ಫಾರ್ ಕ್ಲಂಕರ್ಸ್', ಅಂದರೆ ನಮ್ಮ ಭಾಷೆಯಲ್ಲಿ 'ಡಕೋಟಾ ಗಾಡಿಗೆ ದುಡ್ಡು'.

ನಿಯಮ ಹೀಗಿತ್ತು. ನಿಮ್ಮ ಕಾರು ಒಂದು ಗ್ಯಾಲನ್ ಪೆಟ್ರೋಲಿಗೆ 18 ಮೈಲಿ ಅಥವಾ ಅದಕ್ಕಿಂತ ಕಡಿಮೆ ಓಡುವಂಥದ್ದಾಗಿರಬೇಕು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು ಏಳೂವರೆ ಕಿಲೋಮೀಟರ್. ಕಾರು ಕನಿಷ್ಠ ಒಂದು ವರ್ಷದಿಂದ ನಿಮ್ಮ ಹೆಸರಲ್ಲೇ ಇರಬೇಕು. ಅದನ್ನು ಕೊಟ್ಟು ಹೆಚ್ಚು ಮೈಲೇಜಿನ ಹೊಸ ಕಾರು ತಗೊಂಡರೆ 3,500 ಅಥವಾ 4,500 ಡಾಲರ್ ರಿಯಾಯಿತಿ. 4,500 ಡಾಲರ್ ಅಂದರೆ ಆಗಿನ ದರದಲ್ಲಿ ಎರಡು ಲಕ್ಷ ರೂಪಾಯಿಗೂ ಮೇಲೆ.

ಜನ ಮುಗಿಬಿದ್ದರು. ಮೊದಲು ತೆಗೆದಿಟ್ಟಿದ್ದ 100 ಕೋಟಿ ಡಾಲರ್ ಒಂದು ವಾರದೊಳಗೇ ಬಹುತೇಕ ಖಾಲಿ! ಇನ್ನೂ 200 ಕೋಟಿ ಸೇರಿಸಿದರು. ಆಗಸ್ಟ್ 24ಕ್ಕೆ ಯೋಜನೆ ಮುಗಿಯಿತು. ಅಷ್ಟರೊಳಗೆ ಹತ್ತಿರಹತ್ತಿರ 6.8 ಲಕ್ಷ ಹಳೇ ಕಾರುಗಳು ಬಂದು ಬಿದ್ದಿದ್ದವು. ಅತಿ ಹೆಚ್ಚು ಜನ ಕೊಟ್ಟಿದ್ದು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಭಾರೀ ಗಾಡಿ, ಅತಿ ಹೆಚ್ಚು ಜನ ತಗೊಂಡಿದ್ದು ಟೊಯೊಟಾ ಕೊರೊಲ್ಲಾ.

ಬಂದ ಹಳೇ ಕಾರುಗಳ ಗತಿ ಕೇಳಿದರೆ ನಮ್ಮಂಥವರಿಗೆ ಹೊಟ್ಟೆ ಉರಿಯುತ್ತದೆ. ಎಂಜಿನ್ ಆಯಿಲ್ ಪೂರಾ ಇಳಿಸಿ, ಅದರ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಎಂಜಿನ್ ಕಚ್ಚಿಕೊಂಡು ನಿಲ್ಲುವವರೆಗೂ ಓಡಿಸುತ್ತಿದ್ದರು. ಮತ್ತೆ ಯಾರೂ ಅದನ್ನು ರಸ್ತೆಗಿಳಿಸಬಾರದು ಎಂಬುದೇ ಉದ್ದೇಶ. ಚೆನ್ನಾಗಿ ಓಡುತ್ತಿದ್ದ ಗಾಡಿಗಳಿಗೂ ಇದೇ ಶಿಕ್ಷೆ. ಹೊಸದು ಕೊಳ್ಳಲಾಗದೆ ಸೆಕೆಂಡ್ ಹ್ಯಾಂಡ್ ಕಾರಿಗೆ ಕಾದಿದ್ದ ಬಡ ಕುಟುಂಬಕ್ಕೆ ಅಷ್ಟು ಗಾಡಿಗಳು ಕೈತಪ್ಪಿದಂತಾಯಿತು. ಆ ದೊಡ್ಡ ದೇಶದ ಒಟ್ಟು ಕಾರುಗಳಲ್ಲಿ ಇದು ಸಣ್ಣ ಪಾಲು, ನಿಜ. ಆದರೂ ಓಡುವ ಗಾಡಿಯನ್ನು ಕೈಯಾರೆ ಕೊಲ್ಲುವುದು ನನಗಂತೂ ಸರಿ ಕಾಣದು.

ಹಬ್ಬದ ಸೀರೆ ಮೊದಲೇ ತಗೊಂಡ ಹಾಗೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮಾರುಕಟ್ಟೆ ಉದ್ಧಾರವಾಯಿತೇ?

ಆಷಾಢ ರಿಯಾಯಿತಿಯಲ್ಲಿ ನೀವು ದೀಪಾವಳಿಯ ಸೀರೆಯನ್ನೂ ತಗೊಂಡುಬಿಟ್ಟಿರಿ ಅಂತಿಟ್ಟುಕೊಳ್ಳಿ. ಆ ತಿಂಗಳು ಅಂಗಡಿಯವರ ಗಲ್ಲಾ ತುಂಬಿತು. ಆದರೆ ದೀಪಾವಳಿಗೆ ನೀವು ಅಂಗಡಿ ಕಡೆ ತಲೆ ಹಾಕುವುದಿಲ್ಲ. ವರ್ಷದ ಲೆಕ್ಕದಲ್ಲಿ ಅವರಿಗೆ ಹೆಚ್ಚುವರಿ ವ್ಯಾಪಾರ ಆದದ್ದೇನು?

ಅಮೆರಿಕದಲ್ಲಿ ಆಗಿದ್ದೂ ಇದೇ. ಅತೀಫ್ ಮಿಯಾನ್ ಮತ್ತು ಅಮೀರ್ ಸೂಫಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು, ಡಕೋಟಾ ಗಾಡಿಗಳು ಹೆಚ್ಚಿದ್ದ ಊರುಗಳನ್ನೂ ಕಡಿಮೆ ಇದ್ದ ಊರುಗಳನ್ನೂ ಹೋಲಿಸಿ ನೋಡಿದರು. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಆ ಎರಡು ತಿಂಗಳಲ್ಲಿ ಸುಮಾರು 3.7 ಲಕ್ಷ ಕಾರುಗಳು ಹೆಚ್ಚಾಗಿ ಮಾರಾಟವಾದವು. ಆದರೆ 2010ರ ಮಾರ್ಚ್ ಹೊತ್ತಿಗೆ ಆ ಹೆಚ್ಚಳವೆಲ್ಲ ಬಹುತೇಕ ಕರಗಿಹೋಗಿತ್ತು. ಮುಂದೆ ಕೊಳ್ಳಬೇಕಿದ್ದವರು ಮೊದಲೇ ಕೊಂಡಿದ್ದರು, ಅಷ್ಟೇ. ಯೋಜನೆ ಹೆಚ್ಚು ನಡೆದ ಊರುಗಳಲ್ಲಿ ಉದ್ಯೋಗ ಹೆಚ್ಚಿದ ಗುರುತೂ ಅವರಿಗೆ ಸಿಗಲಿಲ್ಲ.

ಇನ್ನೊಂದು ಅಧ್ಯಯನ ಇನ್ನೂ ಸ್ವಾರಸ್ಯದ್ದು. ಎಸ್ಸೆಸ್ಸೆಲ್ಸಿಯಲ್ಲಿ 34 ಬಂದವನಿಗೂ 35 ಬಂದವನಿಗೂ ಬುದ್ಧಿಯಲ್ಲಿ ಅಂಥ ವ್ಯತ್ಯಾಸವೇನಿರುತ್ತೆ? ಆದರೂ ಹಿಂದಿನ ನಿಯಮದಲ್ಲಿ ಒಬ್ಬ ಪಾಸು, ಒಬ್ಬ ಫೇಲು ಆಗುತ್ತಿದ್ದ. ಹಾಗೆಯೇ 18 ಮೈಲಿ ಓಡುವ ಕಾರಿನವರಿಗೆ ರಿಯಾಯಿತಿ ಇತ್ತು, 19 ಮೈಲಿ ಓಡುವ ಕಾರಿನವರಿಗೆ ಇರಲಿಲ್ಲ. ಟೆಕ್ಸಾಸ್ ರಾಜ್ಯದ ಇಂಥ ಅಕ್ಕಪಕ್ಕದ ಕುಟುಂಬಗಳನ್ನು ಹೋಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹತ್ತಿರಹತ್ತಿರ ಶೇ 60ರಷ್ಟು ರಿಯಾಯಿತಿ ಹೋದದ್ದು ಹೇಗೂ ಆ ಎರಡು ತಿಂಗಳಲ್ಲೇ ಕಾರು ಕೊಳ್ಳಲಿದ್ದವರಿಗೆ!

ಅಷ್ಟೇ ಅಲ್ಲ. ಮೈಲೇಜಿನ ಷರತ್ತು ಇದ್ದುದರಿಂದ, ದೊಡ್ಡ ಗಾಡಿ ಕೊಳ್ಳಬೇಕೆಂದಿದ್ದವರು ಚಿಕ್ಕ ಕಾರು ಕೊಂಡರು. ಚಿಕ್ಕ ಕಾರಿನ ಬೆಲೆ ಸಾವಿರಾರು ಡಾಲರ್ ಕಡಿಮೆ. ಹಾಗಾಗಿ ವರ್ಷ ತುಂಬುವುದರೊಳಗೆ ಕಾರು ಉದ್ಯಮದ ಒಟ್ಟು ಆದಾಯ ಕಡಿಮೆಯೇ ಆಯಿತು ಅನ್ನುತ್ತಾರೆ ಆ ಸಂಶೋಧಕರು. ಮಾರುಕಟ್ಟೆಗೆ ಟಾನಿಕ್ ಕುಡಿಸಲು ಹೋಗಿ ಪಥ್ಯ ಹಾಕಿದ ಹಾಗಾಯಿತಲ್ಲವೇ?

ಹಾಗಂತ ಎಲ್ಲವೂ ದಂಡ ಅನ್ನಲಾಗದು. ಕೊಟ್ಟ ಕಾರುಗಳ ಸರಾಸರಿ ಮೈಲೇಜ್ ಗ್ಯಾಲನ್‌ಗೆ 15.8 ಮೈಲಿ, ಕೊಂಡವುಗಳದ್ದು 24.9. ಪೆಟ್ರೋಲ್ ಉಳಿಯಿತು, ಹೊಗೆಯೂ ತಗ್ಗಿತು. ಷೋರೂಂಗಳಲ್ಲಿ ತಿಂಗಳುಗಟ್ಟಲೆ ಧೂಳು ತಿನ್ನುತ್ತಿದ್ದ ಕಾರುಗಳು ಆ ಕಷ್ಟದ ಹೊತ್ತಲ್ಲಿ ಖಾಲಿಯಾದವು. ಜ್ವರ ನೆತ್ತಿಗೇರಿದಾಗ ಒಂದು ಮಾತ್ರೆ ನುಂಗಿದಂತೆ, ಆ ಕ್ಷಣಕ್ಕೆ ಉಪಶಮನ. ಅದನ್ನೇ ಕಾಯಿಲೆಗೆ ಮದ್ದು ಅಂದರೆ ಮಾತ್ರ ನಾನು ಒಪ್ಪುವುದಿಲ್ಲ.

ಜರ್ಮನಿಯಲ್ಲೂ ಅದೇ ವರ್ಷ ಒಂಬತ್ತು ವರ್ಷ ತುಂಬಿದ ಕಾರಿಗೆ 2,500 ಯೂರೋ ಕೊಟ್ಟರು. ಒಟ್ಟು 500 ಕೋಟಿ ಯೂರೋ ಖರ್ಚು, ಸುಮಾರು 20 ಲಕ್ಷ ಕಾರು. 2009ರಲ್ಲಿ ಅಲ್ಲಿ 38 ಲಕ್ಷ ಹೊಸ ಕಾರು ನೋಂದಣಿಯಾದರೆ, ಮರುವರ್ಷ 29 ಲಕ್ಷಕ್ಕೆ ಇಳಿಯಿತು. ಅಲ್ಲೂ ಹಬ್ಬದ ಸೀರೆಯ ಕತೆಯೇ. ತಮಾಷೆ ಅಂದರೆ, ಯುರೋಪಿನ ಈ ಔದಾರ್ಯದ ಲಾಭ ನಮ್ಮ ದೇಶಕ್ಕೂ ಸಿಕ್ಕಿತು. ಮನೇಸರ್‌ನಲ್ಲಿ ತಯಾರಾದ ಮಾರುತಿ ಎ-ಸ್ಟಾರ್ ಹಡಗು ಹತ್ತಿ ಯುರೋಪಿಗೆ ಹೋಗಿ ಚೆನ್ನಾಗಿ ಮಾರಾಟವಾಯಿತು. ಅವರ ತೆರಿಗೆ ದುಡ್ಡು, ನಮ್ಮ ಕಾರ್ಖಾನೆಗೆ ಕೆಲಸ!

ಇನ್ನು ನಿಮ್ಮನೆ ಕಾರು

ನಮ್ಮ ದೇಶದ ಸ್ವಯಂಪ್ರೇರಿತ ಗುಜರಿ ನೀತಿಗೆ ಚಾಲನೆ ಸಿಕ್ಕಿದ್ದು 2021ರ ಆಗಸ್ಟ್ 13ರಂದು. ಅಮೆರಿಕದ ಹಾಗೆ ಸರಕಾರ ಕೈಗೆ ದುಡ್ಡು ಕೊಡುವುದಿಲ್ಲ. ನೋಂದಾಯಿತ ಗುಜರಿ ಕೇಂದ್ರಕ್ಕೆ ಗಾಡಿ ಒಪ್ಪಿಸಿದರೆ 'ಸರ್ಟಿಫಿಕೇಟ್ ಆಫ್ ಡಿಪಾಸಿಟ್' ಎಂಬ ಪತ್ರ ಸಿಗುತ್ತದೆ. ಹೊಸ ಕಾರು ಕೊಳ್ಳುವಾಗ ಅದನ್ನು ತೋರಿಸಿದರೆ ನೋಂದಣಿ ಶುಲ್ಕ ಮಾಫಿ. ಸ್ವಂತ ವಾಹನಕ್ಕೆ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಾಜ್ಯಗಳು ರಿಯಾಯಿತಿ ಕೊಡಲು ಅವಕಾಶವಿದೆ. 2024ರ ಆಗಸ್ಟ್‌ನಲ್ಲಿ ಹಲವು ಕಾರು ಕಂಪನಿಗಳು ಎಕ್ಸ್-ಷೋರೂಂ ಬೆಲೆಯ ಶೇ 1.5 ಅಥವಾ 20,000 ರೂ., ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟನ್ನು ಬಿಡಲು ಒಪ್ಪಿದ್ದವು. ಅದಕ್ಕೆ ಕಾಲಮಿತಿಯಿತ್ತು. ಆದ್ದರಿಂದ ಷೋರೂಂಗೆ ಹೋದಾಗ 'ಈಗ ಏನಿದೆ' ಅಂತ ಬರವಣಿಗೆಯಲ್ಲೇ ಕೇಳಿ.

ಒಂದು ಲೆಕ್ಕ ಹಾಕೋಣ. ನೀವು ನೋಡಿರುವ ಹೊಸ ಕಾರು 8 ಲಕ್ಷದ್ದು. ಹಳೇ ಕಾರಿನ ಗುಜರಿ ಬೆಲೆ ಹೊಸ ಕಾರಿನ ಬೆಲೆಯ ಶೇ 4ರಿಂದ 6ರಷ್ಟು ಎಂಬುದು ನೀತಿ ಪ್ರಕಟಿಸಿದಾಗ ಸರಕಾರದ ಅಂದಾಜಾಗಿತ್ತು. ಅಂದರೆ 32ರಿಂದ 48 ಸಾವಿರ. ಕಂಪನಿಯ ಶೇ 1.5 ಸಿಕ್ಕರೆ 12 ಸಾವಿರ. ಇದರ ಮೇಲೆ ರಸ್ತೆ ತೆರಿಗೆಯ ರಿಯಾಯಿತಿ ಎಷ್ಟು ಸಿಗುತ್ತದೆಂದು ಆರ್‌ಟಿಓದಲ್ಲಿ ವಿಚಾರಿಸಿ ಸೇರಿಸಿ. ಇನ್ನೊಂದು ಕಡೆ, ಅದೇ ಹಳೇ ಕಾರಿಗೆ ಸೆಕೆಂಡ್ ಹ್ಯಾಂಡ್‌ನವರು ಎಷ್ಟು ಕೊಡುತ್ತಾರೆ ಅಂತ ಇಬ್ಬರು ಮೂವರನ್ನಾದರೂ ಕೇಳಿ. ಒಂದೂಕಾಲು ಲಕ್ಷ ಅಂದರೆ ಗುಜರಿಯ ಮಾತೇ ಬೇಡ. 25 ಸಾವಿರಕ್ಕೂ ಮೂಗು ಮುರಿದರೆ ಗುಜರಿ ಕೇಂದ್ರವೇ ವಾಸಿ.

ಗಾಡಿಗೆ 15 ವರ್ಷ ತುಂಬುತ್ತಾ ಬಂದಿದ್ದರೆ ಎಫ್‌ಸಿ ಖರ್ಚನ್ನೂ ಲೆಕ್ಕಕ್ಕೆ ತಗೊಳ್ಳಿ. ಕಾರಿನ ಮರುನೋಂದಣಿ ಶುಲ್ಕವೇ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಟಯರು, ಬ್ರೇಕು, ಹೊಗೆ ತಪಾಸಣೆ, ಹಸಿರು ತೆರಿಗೆ ಬೇರೆ. ಹಾಗಿದ್ದರೂ ವಾರಕ್ಕೊಮ್ಮೆ ದೇವಸ್ಥಾನಕ್ಕೆ, ಮಾರ್ಕೆಟ್ಟಿಗೆ ಮಾತ್ರ ಹೊರಡುವ ಕಾರಿದ್ದರೆ, ಹೊಸದರ ಕಂತು ಕಟ್ಟುವುದಕ್ಕಿಂತ ಇದನ್ನೇ ರಿಪೇರಿ ಮಾಡಿಸಿ ಐದು ವರ್ಷ ಓಡಿಸುವುದು ಅಗ್ಗ.

ಕೊಡುವುದೆಂದು ತೀರ್ಮಾನವಾದರೆ, ದಯವಿಟ್ಟು ಬೀದಿ ಬದಿಯ ಗುಜರಿಯವನಿಗೆ ತೂಕಕ್ಕೆ ಹಾಕಿ ಕೈತೊಳೆದುಕೊಳ್ಳಬೇಡಿ. ಆರ್‌ಸಿ ನಿಮ್ಮ ಹೆಸರಲ್ಲೇ ಉಳಿದಿರುತ್ತದೆ. ಆ ಗಾಡಿ ಎಲ್ಲಾದರೂ ಅಪಘಾತ ಮಾಡಿದರೆ ಪೊಲೀಸರು ಬಾಗಿಲು ತಟ್ಟುವುದು ನಿಮ್ಮದನ್ನೇ. ನೋಂದಾಯಿತ ಕೇಂದ್ರಕ್ಕೇ ಕೊಟ್ಟು, ನೋಂದಣಿ ರದ್ದಾದ ದಾಖಲೆ ಕೇಳಿ ಪಡೆಯಿರಿ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಮುಚ್ಚಿಸಿ, ವಿಮೆ ಬಾಕಿಯಿದ್ದರೆ ಕಂಪನಿಗೆ ತಿಳಿಸಿ. ಸರ್ಟಿಫಿಕೇಟನ್ನು ಬೀರುವಿನಲ್ಲಿ ಮನೆ ಪತ್ರಗಳ ಜೊತೆಗೇ ಇಡಿ. ನೀವು ಹೊಸ ಕಾರು ಕೊಳ್ಳದಿದ್ದರೂ ಅದನ್ನು ಕೊಳ್ಳುವ ಬೇರೆಯವರಿಗೆ ವರ್ಗಾಯಿಸಲು ನಿಯಮದಲ್ಲಿ ಅವಕಾಶವಿದೆ.