ಹಳೆಯ ಬಳ್ಳಿಯ ದ್ರಾಕ್ಷಾರಸ

ಹುಣಸೆಯ ಮರಕ್ಕೆ ಮುಪ್ಪಾದರೆ ಹುಳಿಗೆ ಮುಪ್ಪೇ ಎಂದು ನಮ್ಮಲ್ಲಿ ಗಾದೆಯುಂಟು. ಫ್ರಾನ್ಸಿನ ದ್ರಾಕ್ಷಿಯ ಬೆಳೆಗಾರನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಳ್ಳಿಗೆ ಮುಪ್ಪಾದಷ್ಟೂ ರಸಕ್ಕೆ ಮೇಲ್ಮೆಯೆಂದಾನು. ಈ ಮಾತಿನಲ್ಲಿ ನಿಜವೆಷ್ಟು, ಅಭಿಮಾನವೆಷ್ಟು ಎಂಬುದನ್ನು ವಿಚಾರಿಸೋಣ. ಕೇಳುವವರಲ್ಲಿ ಮದ್ಯವನ್ನು ಮುಟ್ಟದವರು ಅನೇಕರಿರಬಹುದು. ಒಂದು ಬೆಳೆಯ ಗುಣವನ್ನು ಅರಿಯುವುದಕ್ಕೆ ಅದೇನೂ ಅಡ್ಡಿಯಲ್ಲ.

ರೋನ್ ನದಿಯ ದಡದಲ್ಲಿ, ಆವಿನ್ಯೋನ್ ಮತ್ತು ಒರಾಂಜ್ ಪಟ್ಟಣಗಳ ನಡುವೆ, ಶಾತೊನಫ್-ದ್ಯು-ಪಾಪ್ ಎಂಬ ಗ್ರಾಮವಿದೆ. 14ನೆಯ ಶತಮಾನದಲ್ಲಿ ಪೋಪರು ಆವಿನ್ಯೋನಿನಲ್ಲಿ ನೆಲೆಸಿದ್ದಾಗ ಇಲ್ಲೊಂದು ಕೋಟೆಯನ್ನು ಕಟ್ಟಿಸಿದರು. ಹೆಸರಿನಲ್ಲಿರುವ ‘ಪಾಪ್’ ಎಂಬ ಮಾತು ಆ ಪೋಪರಿಂದ ಬಂದುದು. ಇಲ್ಲಿನ ಅನೇಕ ತೋಟಗಳಲ್ಲಿ ನೆಲವೆಲ್ಲ ಉರುಟುಗಲ್ಲು. ಅದರ ನಡುವೆ ಚಪ್ಪರವಿಲ್ಲದೆ, ಮೊಣಕಾಲೆತ್ತರದ ಗಂಟುಗಂಟಾದ ಮೋಟುಗಳಂತೆ ಗ್ರೆನಾಶ್ ಬಳ್ಳಿಗಳು ನಿಂತಿರುತ್ತವೆ. ಕೆಲವಕ್ಕೆ ನೂರು ವರ್ಷವೂ ಆಗಿದೆ.

ಅದಕ್ಕಿಂತ ಬಹಳ ಹಳೆಯವು ಅಪೂರ್ವ, ಅದಕ್ಕೆ ಕಾರಣವುಂಟು. 1863ರ ಸುಮಾರಿಗೆ ಈ ಸೀಮೆಯಲ್ಲಿಯೇ ಫಿಲಾಕ್ಸೆರ ಎಂಬ ಸಣ್ಣ ಕೀಟವು ಮೊದಲು ಕಾಣಿಸಿಕೊಂಡು, ಬೇರುಗಳನ್ನು ಹಿಡಿದು, ಮುಂದೆ ದೇಶದ ಎಷ್ಟೋ ತೋಟಗಳನ್ನು ಹಾಳುಮಾಡಿತು. ಅದನ್ನು ತಡೆದುಕೊಳ್ಳಬಲ್ಲ ಅಮೆರಿಕದ ಬೇರುಗಳ ಮೇಲೆ ಫ್ರೆಂಚ್ ಬಳ್ಳಿಯನ್ನು ಕಸಿಮಾಡಿದ ಮೇಲೆಯೇ ಬೆಳೆ ಉಳಿಯಿತು.

ಮುಪ್ಪಿನ ಬಳ್ಳಿ ಕಡಮೆ ಫಲವನ್ನು ಕೊಡುತ್ತದೆ. ಬೇರು ಆಳಕ್ಕಿಳಿದಿರುವುದರಿಂದ ಅದು ಅನಾವೃಷ್ಟಿಗೆ ಬೇಗ ಬಳಲುವುದಿಲ್ಲ. ಸ್ವಲ್ಪವೇ ಗೊಂಚಲುಗಳಿರುವಲ್ಲಿ ಹಣ್ಣು ಸಮನಾಗಿ ಪಕ್ವವಾಗಿ, ರಸ ಸಾಂದ್ರವಾಗುವುದು ಸಹಜ. ಆದರೆ ವಯಸ್ಸೊಂದೇ ಗುಣವಲ್ಲ. ಸೀಸೆಯ ಮೇಲೆ ‘ಹಳೆಯ ಬಳ್ಳಿ’ ಎಂದು ಅಚ್ಚುಹಾಕಲು ಇಷ್ಟು ವರ್ಷವಾಗಿರಬೇಕೆಂದು ಫ್ರಾನ್ಸಿನ ಕಾನೂನು ಗೊತ್ತುಮಾಡಿಲ್ಲ. ಆದುದರಿಂದ ಅಲ್ಲಿ ನಂಬಬೇಕಾದುದು ಮನೆತನದ ಮಾತನ್ನು.

ಆ ಮಾತನ್ನು ಉಳಿಸಿಕೊಳ್ಳುವುದು ಸುಲಭವಲ್ಲ. 1804ರ ನೆಪೋಲಿಯನ್ ಸಂಹಿತೆಯಿಂದೀಚೆಗೆ ಆಸ್ತಿ ಮಕ್ಕಳಲ್ಲಿ ಸಮನಾಗಿ ಹಂಚಿಹೋಗುತ್ತದೆ. ಕಡಮೆ ಫಲದ ಮುದಿತೋಟ ಪಾಲಿಗೆ ಬಂದವನು ಅದನ್ನು ಕಿತ್ತು ಎಳೆಯ ಸಸಿ ನೆಟ್ಟರೆ, ಕೆಲವೇ ವರ್ಷಗಳಲ್ಲಿ ಹೆಚ್ಚು ಬೆಳೆ ತೆಗೆಯಬಹುದು. 1980ರ ದಶಕದಿಂದೀಚೆಗೆ ಬಳ್ಳಿ ಕಿತ್ತವರಿಗೆ ಯೂರೋಪಿನ ಒಕ್ಕೂಟವು ಹಣವನ್ನೂ ಕೊಟ್ಟಿತು. ಲಾಂಗ್‌ದೊಕ್ ಸೀಮೆಯ ಎಷ್ಟೋ ಹಳೆಯ ಕಾರಿನ್ಯಾನ್ ತೋಟಗಳು ಹೀಗೆ ಅಳಿದವು. ಉಳಿದ ಪ್ರತಿಯೊಂದು ತೋಟದ ಹಿಂದೆಯೂ ಲಾಭವನ್ನು ಒಲ್ಲೆನೆಂದವರೊಬ್ಬರು ಇದ್ದೇ ಇದ್ದಾರೆ.

ಇಂತಹ ರಸವನ್ನು ಸವಿಯುವುದು ಹೇಗೆ? ಕೊಠಡಿಯ ಶಾಖದಲ್ಲಿರಲಿ ಎಂಬ ಯೂರೋಪಿನ ಸೂತ್ರ ನಮ್ಮ ಬೇಸಗೆಗೆ ಸಲ್ಲದು. 16ರಿಂದ 18 ಡಿಗ್ರಿ ಸೆಂಟಿಗ್ರೇಡ್ ಸಾಕು. ಬಹುಕಾಲ ಇಟ್ಟ ಸೀಸೆಯ ತಳದಲ್ಲಿ ಗಷ್ಟು ಕೂಡಿರುತ್ತದೆ. ಅಲುಗಿಸದೆ ಮೆಲ್ಲನೆ ಬಗ್ಗಿಸಬೇಕು. ಬಟ್ಟಲನ್ನು ಬಿಳಿಯ ಬಟ್ಟೆಯ ಮೇಲೆ ವಾಲಿಸಿದರೆ ಅಂಚಿನ ಬಣ್ಣ ಕಾಣುತ್ತದೆ: ಎಳೆಯದಾದರೆ ಮಾಣಿಕ್ಯದ ಕೆಂಪು, ಹಳೆಯದಾದರೆ ಇಟ್ಟಿಗೆಯ ಛಾಯೆ. ಗ್ರೆನಾಶಿನಲ್ಲಿ ಮಾಗಿದ ಕೆಂಪು ಹಣ್ಣಿನ, ಮೆಣಸಿನ, ಒಣಗಿದ ಗಿಡಮೂಲಿಕೆಯ ಕಂಪುಂಟು. ಸಿಪ್ಪೆ ಬೀಜಗಳಿಂದ ಬಂದ ಒಗರು ನಾಲಗೆಯನ್ನು ಹಿಡಿಯಬೇಕು, ಕೆರೆಯಬಾರದು. ಗುಟುಕು ಇಳಿದ ಮೇಲೂ ರುಚಿ ಎಷ್ಟು ಹೊತ್ತು ನಿಂತಿತೆಂಬುದನ್ನು ಗಮನಿಸಿ. ಸೀಸೆಯ ಮೇಲಿನ ಅಕ್ಷರ ಹೇಳಲಾರದುದನ್ನು ಆ ಹೊತ್ತು ಹೇಳುತ್ತದೆ.