ಕಮಲಾ ಎಂಬ ಹೆಸರು ತಪ್ಪೆ?

ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ 1960ರಲ್ಲಿ ಟಿಫ್ರಾಕ್ ಎಂಬ ಗಣಕಯಂತ್ರವು ಕೆಲಸಕ್ಕೆ ತೊಡಗಿದಾಗ, ಅದರೊಡನೆ ವ್ಯವಹರಿಸುವುದು ವಿಜ್ಞಾನಿಗಳ ಪಾಲಿನ ಕೆಲಸವಾಗಿತ್ತು. ಇಂದು ಮಾಟುಂಗ, ಮುಲುಂಡ, ಡೊಂಬಿವಲಿಗಳ ನಮ್ಮ ಮನೆಗಳಲ್ಲಿ ಹೈಸ್ಕೂಲಿನ ಮಕ್ಕಳೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯುತ್ತಿದ್ದಾರೆ. ಈ ವಿದ್ಯೆಯ ಮೊದಲ ಮೆಟ್ಟಿಲಲ್ಲೇ ಬರುವ ಪಾಠವೊಂದನ್ನು ದೊಡ್ಡವರಾದ ನಾವೂ ತಿಳಿದಿರತಕ್ಕದ್ದು. ಇತರರು ತುಂಬಿಕೊಟ್ಟ ವಿವರವನ್ನು ಯಂತ್ರವು ಹೇಗೆ ಪರೀಕ್ಷಿಸಬೇಕೆಂಬುದೇ ಆ ಪಾಠ.

ಸಂಘದ ಸದಸ್ಯರ ಪಟ್ಟಿಗಾಗಿ ಹುಡುಗಿಯೊಬ್ಬಳು ಸಣ್ಣ ಪ್ರೋಗ್ರಾಂ ಬರೆಯುತ್ತಾಳೆಂದು ಭಾವಿಸೋಣ. ಅದು ಹೆಸರು, ವಯಸ್ಸು, ಪಿನ್‌ಕೋಡುಗಳನ್ನು ಕೇಳುತ್ತದೆ. ವಯಸ್ಸನ್ನು 12 ಎಂದು ಬರೆದರೆ ಸರಿ. ಕನ್ನಡ ಅಂಕಿಯಲ್ಲಿ ೧೨ ಎಂದರೂ ಪೈಥಾನ್ ಅದನ್ನು ಹನ್ನೆರಡೆಂದೇ ಗ್ರಹಿಸುತ್ತದೆ. ಆದರೆ ‘ಹನ್ನೆರಡು’ ಎಂದು ಅಕ್ಷರದಲ್ಲಿ ಬರೆದರೆ, ‘ವ್ಯಾಲ್ಯೂಎರರ್’ ಎಂದು ದೂರಿ ಪ್ರೋಗ್ರಾಂ ಅಲ್ಲಿಗೇ ನಿಂತುಬಿಡುತ್ತದೆ.

ಇದಕ್ಕೆ ಉಪಾಯವಾಗಿ ‘ಟ್ರೈ’, ‘ಎಕ್ಸೆಪ್ಟ್’ ಎಂಬ ಎರಡು ಪದಗಳಿವೆ. ಮಾಡಿ ನೋಡು, ಆಗದಿದ್ದರೆ ಹೀಗೆ ಮಾಡು ಎಂಬುದು ಇವುಗಳ ತಾತ್ಪರ್ಯ. ‘ವಯಸ್ಸನ್ನು ಅಂಕಿಯಲ್ಲಿ ಬರೆಯಿರಿ’ ಎಂದು ತಿಳಿಸಿ ಮತ್ತೊಮ್ಮೆ ಕೇಳಿದರೆ ಕೆಲಸ ಮುಂದೆ ಸಾಗುತ್ತದೆ. ಬರಿಯ ‘ತಪ್ಪು’ ಎಂದರೆ ಎದುರು ಕುಳಿತ ಅಜ್ಜಿಗೆ ಏನು ತಿಳಿದೀತು? ಎಲ್ಲ ಬಗೆಯ ದೋಷಗಳನ್ನೂ ಒಂದೇ ಎಕ್ಸೆಪ್ಟಿನಲ್ಲಿ ಮುಚ್ಚುವುದೂ ಸಲ್ಲದು. ಬರೆದವಳ ಪ್ರಮಾದವೂ ಅದರಲ್ಲಿ ಅಡಗಿಬಿಡುತ್ತದೆ. ಇನ್ನು 250 ಎಂಬುದು ಅಂಕಿಯೇ ಆದರೂ ಮನುಷ್ಯನ ವಯಸ್ಸಲ್ಲ. ಆದುದರಿಂದ ಅಂಕಿಯೆ ಎಂದು ನೋಡಿದ ಮೇಲೆ ಮಿತಿಯೊಳಗಿದೆಯೆ ಎಂದೂ ನೋಡಬೇಕು.

ಇಷ್ಟು ಕಲಿತ ಮಕ್ಕಳು ಬೇಗನೆ ಬಿಗಿಯ ಕಡೆಗೆ ವಾಲುತ್ತಾರೆ. ಮಾಟುಂಗದ ಪಿನ್‌ಕೋಡು 400019. ಅದನ್ನು ಕಂಡು ‘400ರಿಂದ ಆರಂಭವಾಗದ್ದು ತಪ್ಪು’ ಎಂದು ನಿಯಮ ಬರೆದರೆ, 421201 ಎಂದು ಬರೆಯುವ ಡೊಂಬಿವಲಿ ಪೂರ್ವದ ನಮ್ಮವರೆಲ್ಲರೂ ಪಟ್ಟಿಯಿಂದ ಹೊರಗೆ! ಆರು ಅಂಕಿಗಳಿವೆಯೆ, ಮೊದಲನೆಯದು ಸೊನ್ನೆಯಲ್ಲವಷ್ಟೆ, ಎಂದು ನೋಡಿದರೆ ಸಾಕು.

ಹೆಸರಿನ ವಿಷಯವಂತೂ ಇನ್ನೂ ಸೂಕ್ಷ್ಮ. ಎಲ್ಲವೂ ಅಕ್ಷರಗಳೆ ಎಂದು ನೋಡಲು ಪೈಥಾನಿನಲ್ಲಿ ‘ಇಸ್‌ಆಲ್ಫಾ’ ಎಂಬ ಸಾಧನವಿದೆ. ‘ಕಮಲ’ ಎಂದು ಬರೆದರೆ ಅದು ಒಪ್ಪುತ್ತದೆ. ‘ಕಮಲಾ’ ಎಂದರೆ ಒಪ್ಪುವುದಿಲ್ಲ! ಕಾಗುಣಿತದ ದೀರ್ಘವನ್ನೂ ಒತ್ತಕ್ಷರ ಮೂಡಿಸುವ ಗುರುತನ್ನೂ ಅದು ಅಕ್ಷರವೆಂದು ಎಣಿಸದಿರುವುದೇ ಇದಕ್ಕೆ ಕಾರಣ. ‘ಕನ್ನಡ’ ಎಂಬ ಪದವೂ ಅದರ ಪಾಲಿಗೆ ಅಶುದ್ಧವೇ.

ಅಡ್ಡಹೆಸರಿನ ತೊಡಕನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಪ್ಯಾನ್ ಸಂಖ್ಯೆಯ ಐದನೆಯ ಅಕ್ಷರ ವ್ಯಕ್ತಿಯ ಅಡ್ಡಹೆಸರಿನ ಮೊದಲಕ್ಷರವಾಗಿರುತ್ತದೆ. ಊರಿನ, ತಂದೆಯ ಹೆಸರುಗಳ ಮೊದಲಕ್ಷರಗಳನ್ನಷ್ಟೇ ಹೊತ್ತು ಬಂದವರು ಅಲ್ಲಿ ಏನು ಬರೆಯಬೇಕು? ಒಂದು ಕಾಗದದಲ್ಲಿ ಊರು, ಇನ್ನೊಂದರಲ್ಲಿ ತಂದೆಯ ಹೆಸರು ಅಡ್ಡಹೆಸರಾಗಿ ಕುಳಿತರೆ, ಒಂದಕ್ಕೊಂದು ತಾಳೆಯಾಗದೆ ಕಚೇರಿಯಿಂದ ಕಚೇರಿಗೆ ಅಲೆಯುವ ಪಾಡು.

ಬಿಗಿಯಾದ ಪರೀಕ್ಷೆಗೂ ತಕ್ಕ ಜಾಗವಿದೆ. ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಯನ್ನು ಹಿಂದಿನ ಹನ್ನೊಂದರಿಂದ ಲೆಕ್ಕಹಾಕಿ ಇಟ್ಟಿರುತ್ತಾರೆ. ನಡುವೆ ಒಂದು ಅಂಕಿ ತಪ್ಪಿದರೂ ಅದು ಹಿಡಿದುಕೊಡುತ್ತದೆ. ಹೆಸರಿಗೆ ಅಂಥ ಲೆಕ್ಕವಿಲ್ಲ. ಹೊತ್ತವರು ಹೇಳಿದ್ದೇ ಹೆಸರು. ಖಾಲಿ ಬಿಟ್ಟಿಲ್ಲವಷ್ಟೆ ಎಂದು ನೋಡಿ ಹಾಗೆಯೇ ಬರೆದುಕೊಳ್ಳುವುದು ಲೇಸು.

ನಾಳೆ ಬ್ಯಾಂಕು, ಶಾಲೆ, ಆಸ್ಪತ್ರೆಗಳ ನಮೂನೆಗಳನ್ನು ಸಿದ್ಧಪಡಿಸುವವರು ಇಂದಿನ ಈ ಮಕ್ಕಳೇ. ಆದುದರಿಂದ ತಾಯ್ತಂದೆಗಳಲ್ಲಿ ನಮ್ಮ ವಿನಂತಿ ಇಷ್ಟೆ: ನಿಮ್ಮ ಮಗು ಬರೆದ ಪ್ರೋಗ್ರಾಮಿನಲ್ಲಿ ಅಜ್ಜಿಯ ಹೆಸರನ್ನು ಕನ್ನಡದಲ್ಲೇ ತುಂಬಿಸಿ ನೋಡಿ. ಯಂತ್ರ ಒಪ್ಪದಿದ್ದರೆ, ತಿದ್ದಬೇಕಾದುದು ನಿಯಮವನ್ನು, ಅಜ್ಜಿಯ ಹೆಸರನ್ನಲ್ಲ ಎಂದು ಮಗುವಿಗೆ ತಿಳಿಸಿಕೊಡಿ.